ನೇಪಾಳದ ಪರವಾಗಿ ಮೂರು ತಿಂಗಳು

ನವೆಂಬರ್ ತಿಂಗಳ ಒಂದು ಮಧ್ಯಾಹ್ನ ಚೀಟಿ ಎತ್ತಿದಾಗ ನಮ್ಮ ಕಾಲೇಜಿನ ಪಾಲಿಗೆ ಬಂದದ್ದು ನೇಪಾಳ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಕೆಲವು ಪದವಿ ಕಾಲೇಜುಗಳು ಸೇರಿ ಫೆಬ್ರುವರಿಯಲ್ಲಿ ಕಲಬುರಗಿಯಲ್ಲಿ ಎರಡು ದಿನಗಳ ಅಣಕು ಹವಾಮಾನ ಸಮ್ಮೇಳನ ನಡೆಸುವುದೆಂದು ಗೊತ್ತಾಗಿತ್ತು. ಒಂದೊಂದು ಕಾಲೇಜು ಒಂದೊಂದು ದೇಶವಾಗಿ ಕುಳಿತು, ಜಾಗತಿಕ ಒಪ್ಪಂದಗಳಿಂದ ಆ ದೇಶಕ್ಕೆ ದಕ್ಕಬೇಕಾದುದನ್ನು ವಾದ ಮಾಡಿ ಪಡೆಯಬೇಕಿತ್ತು. ಭೂಗೋಳ ಕಲಿಸುವ ನಾನು ತಂಡದ ಮಾರ್ಗದರ್ಶಕನಾಗಿದ್ದೆ. ತಂಡದ ಐವರು ವಿದ್ಯಾರ್ಥಿಗಳಲ್ಲಿ ಹಿಮವನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ, ನಾನೂ ಕಂಡಿಲ್ಲ. ದೊಡ್ಡ ದೇಶವೊಂದು ಬಂದಿದ್ದರೆ ಮಾತಿಗೆ ತೂಕ ಇರುತ್ತಿತ್ತು ಎಂದು ಹುಡುಗರು ಮುಖ ಸಣ್ಣ ಮಾಡಿಕೊಂಡರು. ಮೂರು ತಿಂಗಳ ನಂತರ ಅದೇ ಹುಡುಗರು ನೇಪಾಳದ ಒಂದು ಸಾಲಿಗಾಗಿ ರಾತ್ರಿ ಹತ್ತರವರೆಗೆ ಕುಳಿತು ವಾದಿಸಿದ್ದನ್ನು ನೋಡಿದ ಮೇಲೆ, ಆ ನಡುವಿನ ದಿನಗಳಲ್ಲಿ ನಾವು ಕಲಿತದ್ದನ್ನು ಬರೆದಿಡಬೇಕು ಅನ್ನಿಸಿತು.

ಮೊದಲ ವಾರ ಅವರು ಬರೆದು ತಂದ ಹೇಳಿಕೆ ನಾಲ್ಕು ಪುಟಗಳಷ್ಟಿತ್ತು. ಹಿಮನದಿಗಳು ಕರಗುತ್ತಿವೆ, ಜಗತ್ತಿನ ಹಸಿರುಮನೆ ಅನಿಲಗಳ ಒಟ್ಟು ಹೊರಸೂಸುವಿಕೆಯಲ್ಲಿ ಶೇ. 0.1ರಷ್ಟೂ ಪಾಲಿಲ್ಲದ ದೇಶ ಬೇರೆಯವರ ಹೊಗೆಗೆ ದಂಡ ತೆರುತ್ತಿದೆ, ಆದ್ದರಿಂದ ಶ್ರೀಮಂತ ದೇಶಗಳು ನೆರವಾಗಬೇಕು ಎಂಬುದು ಅದರ ಸಾರ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಸಹಕಾರ ಸಂಘಗಳ ಲೆಕ್ಕಪರಿಶೋಧನೆ ಮಾಡಿ ನಿವೃತ್ತರಾದ, ನಮ್ಮ ಓಣಿಯ ಹಿರಿಯರೊಬ್ಬರಿಗೆ ಅದನ್ನು ತೋರಿಸಿದೆ. ಅವರು ಕೊನೆಯವರೆಗೆ ಓದಿ, ಕನ್ನಡಕ ತೆಗೆದಿಟ್ಟು ಕೇಳಿದರು: "ಸಂಕಟ ಛಲೋ ಹೇಳೀರಿ. ಆದರ ಅರ್ಜಿ ಎಲ್ಲದ? ಯಾವ ನಿಧಿಗಿ ಬರ್ದೀರಿ, ಯಾವ ಕಲಮಿನ ಮ್ಯಾಲ ಕೇಳ್ತೀರಿ, ದಾಖಲಿ ಏನ್ ಹಚ್ಚೀರಿ?"

ಆ ಮೂರು ಪ್ರಶ್ನೆಗಳೇ ಮುಂದಿನ ಕೆಲಸಕ್ಕೆ ದಾರಿಯಾದವು. ನಮ್ಮ ಭಾಗದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇರಲಿಲ್ಲ. ಬೆಂಬಲ ಬೆಲೆಗೆ ತೊಗರಿ ಕೊಡಲು ಖರೀದಿ ಕೇಂದ್ರಕ್ಕೆ ಹೋದ ರೈತನ ಪಹಣಿಯಲ್ಲಿ ಬೆಳೆ ನಮೂದಾಗಿರದಿದ್ದರೆ, ಚೀಲದಲ್ಲಿರುವ ತೊಗರಿ ಎಷ್ಟೇ ಹಸನಾಗಿದ್ದರೂ ಅದು ತೂಕಕ್ಕೆ ಏರುವುದಿಲ್ಲ ಎಂಬುದನ್ನು ಅವರು ಮನೆಯಲ್ಲೇ ಕಂಡವರು. ಹವಾಮಾನ ಒಪ್ಪಂದಗಳ ಹಣವೂ ಹೆಚ್ಚು ಕಡಿಮೆ ಹಾಗೆಯೇ ಹರಿಯುತ್ತದೆ. ಹೆಚ್ಚು ನೊಂದ ದೇಶಕ್ಕೆ ಅದು ತಾನಾಗಿ ಬರುವುದಿಲ್ಲ. ನೋವನ್ನೂ ದುಡಿಮೆಯನ್ನೂ ಅಳೆದು, ದಾಖಲಿಸಿ, ಸರಿಯಾದ ಬಾಗಿಲು ತಟ್ಟಿದ ದೇಶಕ್ಕೆ ಬರುತ್ತದೆ. ಇದು ನ್ಯಾಯವೆಂದು ನಾನು ಹೇಳುತ್ತಿಲ್ಲ. ಆದರೆ ನೇಪಾಳಕ್ಕೆ ಈವರೆಗೆ ದಕ್ಕಿದ್ದೆಲ್ಲ ಈ ಬಗೆಯಲ್ಲೇ ದಕ್ಕಿದೆ ಎಂಬುದು ನಮಗೆ ದಿನದಿನಕ್ಕೆ ಸ್ಪಷ್ಟವಾಗುತ್ತ ಹೋಯಿತು.

ಡಿಸೆಂಬರ್ ಪೂರ್ತಿ ನಾವು ಬಾಗಿಲುಗಳನ್ನು ಗುರುತಿಸಿದೆವು. 1992ರ ವಿಶ್ವಸಂಸ್ಥೆಯ ಹವಾಮಾನ ಚೌಕಟ್ಟು ಒಪ್ಪಂದದ ಪೀಠಿಕೆಯಲ್ಲೇ ಸೂಕ್ಷ್ಮವಾದ ಪರ್ವತ ಪರಿಸರವುಳ್ಳ ಅಭಿವೃದ್ಧಿಶೀಲ ದೇಶಗಳ ಉಲ್ಲೇಖವಿದೆ. ಆದರೂ ದ್ವೀಪ ದೇಶಗಳು 1990ರಲ್ಲೇ ಒಂದು ಕೂಟ ಕಟ್ಟಿಕೊಂಡು ಒಕ್ಕೊರಲಿನಿಂದ ಮಾತಾಡಿದಷ್ಟು ಬಲವಾಗಿ ಬೆಟ್ಟದ ದೇಶಗಳು ಮಾತಾಡಿಲ್ಲ. ಪರ್ವತಗಳ ಬಗೆಗೆ ಬಾನ್ ನಗರದಲ್ಲಿ ಪ್ರತ್ಯೇಕ ತಜ್ಞ ಸಂವಾದ ನಡೆದದ್ದು 2024ರ ಜೂನ್‌ನಲ್ಲಿ. ಹೀಗಾಗಿ ನೇಪಾಳ ತನ್ನ ಮಾತನ್ನು ಬಹುಮಟ್ಟಿಗೆ ಅತಿ ಹಿಂದುಳಿದ ದೇಶಗಳ ಗುಂಪಿನ ಮೂಲಕವೇ ಆಡಿದೆ. 2013 ಮತ್ತು 2014ರಲ್ಲಿ ಆ ಗುಂಪಿನ ಅಧ್ಯಕ್ಷತೆಯೂ ಅದರದ್ದೇ ಆಗಿತ್ತು. ಆ ಗುಂಪಿನ ದೇಶಗಳಿಗೆಂದೇ 2001ರಲ್ಲಿ ಮರಕೇಶ್ ಸಮ್ಮೇಳನದಲ್ಲಿ ಪ್ರತ್ಯೇಕ ನಿಧಿ ಸ್ಥಾಪನೆಯಾಯಿತು.

ಎವರೆಸ್ಟ್ ಸೀಮೆಯ ಇಮ್ಜಾ ಸರೋವರದ ಕೆಲಸ ಆದದ್ದು ಆ ನಿಧಿಯಿಂದಲೇ. ಸುಮಾರು 5,000 ಮೀಟರ್ ಎತ್ತರದಲ್ಲಿ, ಹಿಮನದಿ ಕರಗಿ ನಿಂತ ನೀರು ಅದು. ಅದನ್ನು ತಡೆದು ನಿಲ್ಲಿಸಿರುವುದು ಹಿಮನದಿಯೇ ತಂದು ಒಟ್ಟಿದ ಕಲ್ಲುಮಣ್ಣಿನ ದಿಬ್ಬ. ಅದು ಒಡೆದರೆ ಕೆಳಗಿನ ಊರುಗಳಿಗೆ ಉಳಿಗಾಲವಿಲ್ಲ. 2016ರಲ್ಲಿ ನೇಪಾಳದ ಸೈನಿಕರು ಅಲ್ಲಿ ಕಾಲುವೆ ತೆಗೆದು, ತೂಬು ಇಟ್ಟು, ನೀರಿನ ಮಟ್ಟವನ್ನು ಮೂರು ಮೀಟರ್‌ಗೂ ಹೆಚ್ಚು ಇಳಿಸಿದರು; ಕೆಳಗಿನ ಊರುಗಳಲ್ಲಿ ಮುನ್ನೆಚ್ಚರಿಕೆಯ ಸೈರನ್ ವ್ಯವಸ್ಥೆಯಾಯಿತು. ಅಫಜಲಪುರ ಕಡೆಯ ನಮ್ಮ ವಿದ್ಯಾರ್ಥಿಯೊಬ್ಬ ಇದನ್ನು ಓದಿ ಬಹಳ ಹೊತ್ತು ಸುಮ್ಮನಿದ್ದ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಬಂದಾಗ ಅವನ ಮನೆಯವರು ರಾತ್ರೋರಾತ್ರಿ ದನ ಬಿಚ್ಚಿಕೊಂಡು ದಿಬ್ಬದ ಮೇಲಿನ ಶಾಲೆಗೆ ಹೋಗಿದ್ದರಂತೆ. ಮೂರು ಮೀಟರ್ ಎಂದರೆ ಎಷ್ಟೆಂದು ಅವನು ಗೋಡೆಗೆ ಕೈ ಚಾಚಿ ತೋರಿಸಿದ. ಅವರ ಮನೆಯ ಗೋಡೆಯಲ್ಲಿ ನೀರಿನ ಗುರುತು ಅದಕ್ಕಿಂತ ಕೆಳಗಿದೆ.

ಈ ಬಾಗಿಲಿಗೆ ಒಂದು ಅವಧಿಯೂ ಇದೆ. ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಭೂತಾನ್ 2023ರ ಡಿಸೆಂಬರ್‌ನಲ್ಲಿ ಹೊರಬಂತು. ನೇಪಾಳಕ್ಕೆ 2026ರ ನವೆಂಬರ್ ಎಂದು ವಿಶ್ವಸಂಸ್ಥೆ ಗೊತ್ತುಮಾಡಿದೆ. ಏಳಿಗೆಯ ಗುರುತಾದ ಆ ದಿನವೇ ಈ ನಿಧಿಗೆ ಹೊಸ ಅರ್ಜಿ ಹಾಕುವ ಹಕ್ಕಿಗೂ ಕುತ್ತಾಗುವುದರಿಂದ, ಉಳಿದ ಬಾಗಿಲುಗಳನ್ನು ಮೊದಲೇ ತೆರೆದಿಟ್ಟುಕೊಳ್ಳಬೇಕು ಎಂಬುದು ನಮ್ಮ ಮೊದಲ ಬೇಡಿಕೆಯ ತಿರುಳಾಯಿತು. ದಕ್ಷಿಣ ಕೊರಿಯಾದಲ್ಲಿ ಕಚೇರಿಯಿರುವ ಹಸಿರು ಹವಾಮಾನ ನಿಧಿ ಅಂಥದೊಂದು ಬಾಗಿಲು. ಚುರಿಯಾ ಬೆಟ್ಟಸಾಲಿನ ಮಣ್ಣು, ಕಾಡು, ಹೊಳೆಗಳನ್ನು ಉಳಿಸುವ ಯೋಜನೆಗೆ 2019ರಲ್ಲಿ ಅದು ಒಪ್ಪಿಗೆ ಕೊಟ್ಟಿತು. ಬಂದ ಹಣದಲ್ಲಿ ಕನಿಷ್ಠ ಶೇ. 80 ಭಾಗ ಊರಮಟ್ಟದ ಕೆಲಸಕ್ಕೇ ಹೋಗಬೇಕೆಂದು ನೇಪಾಳ ತನ್ನ 2011ರ ಹವಾಮಾನ ನೀತಿಯಲ್ಲೇ ಬರೆದುಕೊಂಡಿತ್ತು. ರಾಜಧಾನಿಯಿಂದ ದೂರವಿರುವ ನಮ್ಮಂಥ ಜಿಲ್ಲೆಯವರಿಗೆ ಆ ಒಂದು ಸಾಲಿನ ಬೆಲೆ ಬೇಗ ತಿಳಿಯುತ್ತದೆ.

ಕಾಡಿನ ವಿಷಯಕ್ಕೆ ಬಂದಾಗ ಓದು ಸಾಲಲಿಲ್ಲ. ನೇಪಾಳದ ಸುಮಾರು ಶೇ. 45 ಭಾಗ ಕಾಡು. 1993ರ ಅರಣ್ಯ ಕಾಯ್ದೆ ಹಾಕಿದ ಬುನಾದಿಯ ಮೇಲೆ 22,000ಕ್ಕೂ ಹೆಚ್ಚು ಸಮುದಾಯ ಅರಣ್ಯ ಬಳಕೆದಾರರ ಗುಂಪುಗಳು ತಮ್ಮ ತಮ್ಮ ಕಾಡನ್ನು ತಾವೇ ನೋಡಿಕೊಳ್ಳುತ್ತಿವೆ. ಭಾರತದ ಗಡಿಗೆ ತಾಗಿದ ಬಯಲಾದ ತರಾಯಿ ಸೀಮೆಯ ಕಾಡುಗಳಿಂದ 2025ರೊಳಗೆ ತಗ್ಗಿಸುವ 90 ಲಕ್ಷ ಟನ್ ಇಂಗಾಲದ ಡೈಆಕ್ಸೈಡಿಗೆ 4.5 ಕೋಟಿ ಡಾಲರ್‌ವರೆಗೆ ಕೊಡುವ ಕರಾರಿಗೆ ನೇಪಾಳವೂ ವಿಶ್ವಬ್ಯಾಂಕಿನ ಅರಣ್ಯ ಇಂಗಾಲ ನಿಧಿಯೂ 2021ರ ಫೆಬ್ರುವರಿಯಲ್ಲಿ ಸಹಿ ಹಾಕಿದವು. ಆದರೆ ಕಾಡಿನೊಳಗಿನ ಇಂಗಾಲವನ್ನು ತೂಗುವುದು ಹೇಗೆ ಎಂದು ಹುಡುಗರು ಕೇಳಿದಾಗ, ಪುಸ್ತಕ ಮುಚ್ಚಿ ಕಾಲೇಜಿನ ಆವರಣಕ್ಕೆ ಹೋದೆವು.

ತಂಡದ ಹುಡುಗಿಯೊಬ್ಬಳ ತಂದೆ ಸೂಪರ್ ಮಾರ್ಕೆಟ್ ಬದಿಯ ಓಣಿಯೊಂದರಲ್ಲಿ ಬಟ್ಟೆ ಹೊಲಿಯುವವರು. ಅವಳು ಅವರ ಟೇಪನ್ನು ಕೊರಳಿಗೆ ಹಾಕಿಕೊಂಡು ಬಂದಿದ್ದಳು. ಸೈಕಲ್ ಸ್ಟ್ಯಾಂಡಿನ ಪಕ್ಕದ ಬೇವಿನ ಮರದ ಬುಡದಿಂದ 1.3 ಮೀಟರ್ ಎತ್ತರಕ್ಕೆ ಸುಣ್ಣದ ಗುರುತು ಹಾಕಿದೆವು. ಎದೆಮಟ್ಟದ ಆ ಎತ್ತರದಲ್ಲೇ ಮರದ ಗಾತ್ರ ಅಳೆಯುವುದು ಜಗತ್ತಿನ ಬಹುಕಡೆ ಇರುವ ರೂಢಿ. ನೇಪಾಳದ ಅರಣ್ಯ ಗುಂಪುಗಳವರೂ ಅಲ್ಲೇ ಟೇಪು ಸುತ್ತುತ್ತಾರೆ. ಅವಳ ಟೇಪು 150 ಸೆಂಟಿಮೀಟರಿಗೆ ಮುಗಿಯಿತು, ಮರ ಇನ್ನೂ ಎರಡು ಬೆರಳು ಉಳಿದಿತ್ತು. ಅಪ್ಪ ಅಂಗಿಯ ಅಳತೆ ಬರೆದುಕೊಳ್ಳುವ ಹಾಗೆ ಅವಳು ಅಲ್ಲೊಂದು ಪಿನ್ನು ಚುಚ್ಚಿ, ಉಳಿದದ್ದನ್ನು ಅಳೆದು ಕೂಡಿಸಿ, ವಹಿಯಲ್ಲಿ 154 ಎಂದು ಬರೆದಳು. ಅದನ್ನು ಪೈಯಿಂದ ಭಾಗಿಸಿದರೆ 49 ಸೆಂಟಿಮೀಟರ್ ವ್ಯಾಸ. ವ್ಯಾಸ, ಎತ್ತರ ಮತ್ತು ಮರದ ಜಾತಿ ತಿಳಿದರೆ ಸೂತ್ರದಿಂದ ಒಣತೂಕ ಸಿಗುತ್ತದೆ. ಒಣತೂಕದ ಸುಮಾರು ಶೇ. 47 ಭಾಗ ಇಂಗಾಲ. ಅದನ್ನು 44ರಿಂದ ಗುಣಿಸಿ 12ರಿಂದ ಭಾಗಿಸಿದರೆ ಆ ಮರ ಗಾಳಿಯಿಂದ ಹೀರಿ ಹಿಡಿದಿಟ್ಟ ಇಂಗಾಲದ ಡೈಆಕ್ಸೈಡ್. ಒಂದು ಮರಕ್ಕೆ ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ಗುಡ್ಡದ ಓರೆಯಲ್ಲಿ, ಜಿಗಣೆಗಳ ನಡುವೆ, ಗೊತ್ತುಮಾಡಿದ ತಾಕುಗಳನ್ನು ಹುಡುಕಿ, ಮರಮರವನ್ನೂ ಹೀಗೆ ಅಳೆದು, ಕೆಲವು ವರ್ಷ ಬಿಟ್ಟು ಮತ್ತೆ ಅದೇ ಮರಗಳ ಬಳಿ ಬರುವ ಹಳ್ಳಿಯ ಜನರ ದುಡಿಮೆ ಎಷ್ಟೆಂದು ಆಗ ಅಂದಾಜಾಯಿತು. 4.5 ಕೋಟಿ ಡಾಲರನ್ನು 90 ಲಕ್ಷ ಟನ್ನಿಗೆ ಭಾಗಿಸಿದರೆ ಟನ್ನಿಗೆ ಐದು ಡಾಲರ್. ಹುಡುಗರು ಆ ಲೆಕ್ಕವನ್ನು ಎರಡು ಸಲ ಮಾಡಿ ನೋಡಿದರು.

ಗೋಬರ್ ಗ್ಯಾಸಿನ ಲೆಕ್ಕ ಇದಕ್ಕಿಂತ ಸೂಕ್ಷ್ಮವಾದದ್ದು. ನೇಪಾಳದಲ್ಲಿ 1992ರಿಂದ ನಡೆದು ಬಂದ ಕಾರ್ಯಕ್ರಮದಿಂದ ಮೂರು ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ನೆಲದೊಳಗಿನ ಗುಮ್ಮಟದ ಸ್ಥಾವರಗಳಾದವು. ಶ್ರೀಮಂತ ದೇಶಗಳ ಹೊರಸೂಸುವಿಕೆಗೆ ಮಿತಿ ಹಾಕಿದ ಕ್ಯೋಟೊ ಒಪ್ಪಂದ 2005ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ವರ್ಷವೇ ಅವುಗಳಲ್ಲಿ ಒಂದಷ್ಟನ್ನು ಆ ಒಪ್ಪಂದದ ಇಂಗಾಲ ಮಾರಾಟ ವ್ಯವಸ್ಥೆಯಲ್ಲಿ ನೋಂದಾಯಿಸಲಾಯಿತು. ಉಳಿತಾಯವಾದ ಒಂದು ಟನ್ನಿಗೆ ಒಂದು ಕ್ರೆಡಿಟ್, ಅಂದರೆ ಮಾರಬಹುದಾದ ಒಂದು ಜಮಾಪತ್ರ. ಆದರೆ ಉಳಿತಾಯ ಎಷ್ಟೆಂದು ತಿಳಿಯಲು, ಸ್ಥಾವರ ಇಲ್ಲದ ಮನೆ ದಿನಕ್ಕೆ ಎಷ್ಟು ಕಟ್ಟಿಗೆ ಉರಿಸುತ್ತದೆ ಎಂಬುದನ್ನು ಮೊದಲು ತೂಗಬೇಕು.

ಜನವರಿಯ ಒಂದು ಭಾನುವಾರ ಚಿಂಚೋಳಿ ತಾಲ್ಲೂಕಿನ ಹಳ್ಳಿಯೊಂದಕ್ಕೆ, ವಿದ್ಯಾರ್ಥಿಯೊಬ್ಬನ ಆಯಿಯ ಮನೆಗೆ, ಕೊಂಡಿ ಇರುವ ತಕ್ಕಡಿ ಹಿಡಿದು ಹೋದೆವು. ಹಿಂದಿನ ರಾತ್ರಿಯೇ ತೂಗಿಟ್ಟಿದ್ದ ಕಟ್ಟಿಗೆಯಲ್ಲಿ ಸಂಜೆಗೆ ಉಳಿದದ್ದನ್ನು ಮತ್ತೆ ತೂಗುವುದು ನಮ್ಮ ಕೆಲಸ. ಸ್ನಾನದ ನೀರು, ರೊಟ್ಟಿ, ಬೇಳೆ, ದನದ ಹುರುಳಿ, ರಾತ್ರಿಯ ಅಡುಗೆ ಸೇರಿ ಆ ದಿನ ಉರಿದದ್ದು ಎಂಟೂವರೆ ಕಿಲೊ. "ಕಟಗಿ ತೂಗಿ ಏನ್ ಮಾಡ್ತೀರ್ರಿ ಮಾಸ್ತರ?" ಎಂದು ಆಯಿ ಕೇಳಿದರು. ಹೇಳಿದಾಗ ಒಲೆಯ ಬಾಯಿಯಿಂದ ಒಂದು ಕೊಳ್ಳಿ ಹಿಂದಕ್ಕೆ ಎಳೆದು ನಮ್ಮತ್ತ ತೋರಿಸಿದರು. "ಇವು ನಮ್ಮ ಹೊಲದ ತೊಗರಿಕಟಗಿ ರೀ. ವರ್ಷಾ ಬಿತ್ತತೀವಿ, ವರ್ಷಾ ಬರ್ತಾವ. ಅಡವಿದು ಬರೇ ಆ ಎರಡು ತುಂಡು."

ಪುಸ್ತಕದಲ್ಲಿ ಎರಡು ವಾರ ತಿಣುಕಿದರೂ ತಿಳಿಯದಿದ್ದ ಒಂದು ಅಂಶ ಆಯಿಯ ಆ ಮಾತಿನಿಂದ ತಿಳಿಯಿತು. ಪ್ರತಿ ವರ್ಷ ಮತ್ತೆ ಬೆಳೆಯುವ ಕಟ್ಟಿಗೆಯನ್ನು ಉರಿಸಿದರೆ ಅದರ ಹೊಗೆಯನ್ನು ಮುಂದಿನ ಬೆಳೆ ಹೀರಿಕೊಳ್ಳುತ್ತದೆ. ಆದ್ದರಿಂದ ಅದನ್ನು ಉಳಿಸಿದ್ದಕ್ಕೆ ಕ್ರೆಡಿಟ್ ಇಲ್ಲ. ಮತ್ತೆ ಬೆಳೆಯುವುದಕ್ಕಿಂತ ವೇಗವಾಗಿ ಕಾಡಿನಿಂದ ತೆಗೆದ ಕಟ್ಟಿಗೆಯ ಪಾಲಿಗೆ ಮಾತ್ರ ಕ್ರೆಡಿಟ್ ಉಂಟು. ಆ ಪಾಲು ಎಷ್ಟೆಂಬ ಒಂದು ಸಂಖ್ಯೆಯ ಮೇಲೆ ಇಡೀ ಯೋಜನೆಯ ಆದಾಯ ನಿಂತಿರುತ್ತದೆ. ಆಯಿಯ ಎಂಟೂವರೆ ಕಿಲೊದಲ್ಲಿ ಅಡವಿಯದು ಒಂದೂವರೆ ಕಿಲೊ. ಗುಡ್ಡದ ಕಾಡಿಗೇ ಹೋಗಿ ಹೊರೆ ತರುವ ನೇಪಾಳದ ಹೆಣ್ಣುಮಗಳ ಒಲೆಯ ಲೆಕ್ಕ ಬೇರೆಯಾಗುತ್ತದೆ. ಹೊಗೆಯಿಂದ ಕಣ್ಣು ಕೆಂಪಾಗುವುದು ಮಾತ್ರ ಎರಡೂ ಕಡೆ ಒಂದೇ, ಅದಕ್ಕೆ ಯಾವ ಕಾಲಮಿನಲ್ಲೂ ಜಾಗವಿರಲಿಲ್ಲ. ಹುಡುಗರು ಅದನ್ನು ವಹಿಯ ಅಂಚಿನಲ್ಲಿ ಬರೆದುಕೊಂಡರು.

ಅಳೆಯುವುದನ್ನು ಕಲಿತ ಮೇಲೆ ಮಾರುವ ಪ್ರಶ್ನೆ ಬಂತು. ತಂಡ ಎರಡಾಗಿ ಒಡೆದದ್ದು ಇಲ್ಲಿಯೇ. ಪ್ರತಿ ದೇಶವೂ ಹೊರಸೂಸುವಿಕೆ ತಗ್ಗಿಸುವ ತನ್ನ ಗುರಿಯನ್ನು ತಾನೇ ಸಾರಬೇಕಾದ 2015ರ ಪ್ಯಾರಿಸ್ ಒಪ್ಪಂದದ 6ನೇ ಕಲಮಿನಡಿ ಒಂದು ದೇಶ ತಾನು ತಗ್ಗಿಸಿದ ಇಂಗಾಲವನ್ನು ಇನ್ನೊಂದು ದೇಶಕ್ಕೆ ಮಾರಬಹುದು. ಅದರ ನಿಯಮಗಳು 2021ರಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ರೂಪುಗೊಂಡು, ಉಳಿದವು 2024ರಲ್ಲಿ ಬಾಕುವಿನಲ್ಲಿ ಪೂರ್ಣಗೊಂಡವು. ಕ್ಯೋಟೊ ಕಾಲಕ್ಕೂ ಈ ಕಾಲಕ್ಕೂ ಮುಖ್ಯ ವ್ಯತ್ಯಾಸವೆಂದರೆ, ಈಗ ಮಾರಿದ ಟನ್ನನ್ನು ಮಾರಿದ ದೇಶ ತನ್ನ ಗುರಿಯ ಲೆಕ್ಕದಲ್ಲಿ ತೋರಿಸಿಕೊಳ್ಳುವಂತಿಲ್ಲ. ಅದು ಕೊಂಡವರ ಖಾತೆಗೆ ಹೋಗುತ್ತದೆ. ನೇಪಾಳ 2045ರ ಹೊತ್ತಿಗೆ ನಿವ್ವಳ ಶೂನ್ಯ, ಅಂದರೆ ಹೊರಬಿಟ್ಟಷ್ಟನ್ನು ಹೀರಿಕೊಳ್ಳುವ ಸ್ಥಿತಿ, ತಲುಪುವುದಾಗಿ ಮಾತು ಕೊಟ್ಟಿದೆ. ಗೋಬರ್ ಗ್ಯಾಸ್, ಕಾಡು ಮುಂತಾದ ಸುಲಭದ ಉಳಿತಾಯವನ್ನೆಲ್ಲ ಇಂದು ಅಗ್ಗಕ್ಕೆ ಮಾರಿಬಿಟ್ಟರೆ, ನಾಳೆ ತನ್ನ ಗುರಿಗೆ ಉಳಿಯುವುದು ಸಿಮೆಂಟು, ಲಾರಿಗಳಂಥ ದುಬಾರಿ ಕೆಲಸಗಳೇ.

ಒಬ್ಬ ಹುಡುಗ ಹೇಳಿದ: "ಸರ್, ಇದು ನಮ್ಮಪ್ಪ ಸುಗ್ಗಿಯೊಳಗ ಅಡತಿ ಅಂಗಡಿಗಿ ತೊಗರಿ ಹಾಕಿದಂಗೇ ಆತಲ್ರಿ. ಸಾಲದವರು ಬಾಗಿಲಾಗ ನಿಂತಿರ್ತಾರ, ಇಟ್ಟು ಮಾರೂಕಾಗಲ್ಲ. ಮುಂದ ಅದೇ ಬ್ಯಾಳಿ ನಾವೇ ಕೊಂಡು ತಿಂತೀವಿ." ಇನ್ನೊಬ್ಬಳು ಬಿಡಲಿಲ್ಲ. ಇಟ್ಟುಕೊಂಡು ಕಾಯುವವನಿಗೂ ನಷ್ಟವಿದೆ ಎಂದು ಹಳೆಯ ದರ ತೆಗೆದಳು: 2008ರಲ್ಲಿ 20 ಯೂರೊ ಆಸುಪಾಸಿನಲ್ಲಿದ್ದ ಕ್ಯೋಟೊ ಕ್ರೆಡಿಟ್, 2012 ಮುಗಿಯುವ ಹೊತ್ತಿಗೆ ಒಂದು ಯೂರೊಗಿಂತ ಕೆಳಗಿತ್ತು. ಯೂರೋಪಿನ ಆರ್ಥಿಕತೆ ಕುಸಿದು ಕೊಳ್ಳುವವರು ಕಡಿಮೆಯಾದರು, ಮಾರುವವರು ಹೆಚ್ಚಾದರು. ಇಬ್ಬರ ಮಾತೂ ನಿಜವೇ. ಕೊನೆಗೆ ನಾವು ತಳೆದ ನಿಲುವು, ನನ್ನ ಮಟ್ಟಿಗೆ ಈ ಮೂರು ತಿಂಗಳ ಒಳ್ಳೆಯ ಫಲ: ಹೊರಗಿನ ಹಣವಿಲ್ಲದೆ ಆಗಲಾರದ ಕೆಲಸದ ಉಳಿತಾಯವನ್ನು ಮಾತ್ರ ಮಾರುವುದು, ತನ್ನ ಬಲದಿಂದ ಆಗುವುದನ್ನು ತನ್ನ ಗುರಿಗೆ ಇಟ್ಟುಕೊಳ್ಳುವುದು. ನೇಪಾಳವೇ 2020ರಲ್ಲಿ ಸಲ್ಲಿಸಿದ ತನ್ನ ಬದ್ಧತೆಯಲ್ಲಿ ಇಂಥ ಗೆರೆ ಎಳೆದಿದೆ. 2030ಕ್ಕೆ 15,000 ಮೆಗಾವ್ಯಾಟ್ ಶುದ್ಧ ವಿದ್ಯುತ್ತಿನ ಗುರಿಯಲ್ಲಿ 5,000 ಮೆಗಾವ್ಯಾಟ್ ತನ್ನ ಹೊಣೆ, ಉಳಿದದ್ದು ನೆರವು ಬಂದರೆ ಮಾತ್ರ ಎಂದು ಬರೆದಿದೆ. ಷರತ್ತು ಹಾಕಿ ಮಾತು ಕೊಡುವ ಅವಕಾಶ ಬಡ ದೇಶಕ್ಕೆ ಪ್ಯಾರಿಸ್ ಒಪ್ಪಂದ ಕೊಟ್ಟಿರುವ ದೊಡ್ಡ ಸಾಧನವೆಂದು ನಾನು ಭಾವಿಸುತ್ತೇನೆ.

ಹವಾಮಾನ ಬದಲಾವಣೆಯಿಂದ ಆದ ನಷ್ಟಕ್ಕೆ ಪರಿಹಾರ ಕೊಡುವ ನಿಧಿಯ ಬಗ್ಗೆ ನಮ್ಮ ತಯಾರಿ ಚಿಕ್ಕದು. ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ 2022ರಲ್ಲಿ ಒಪ್ಪಿಗೆಯಾಗಿ, ಮರುವರ್ಷ ದುಬೈನಲ್ಲಿ ರೂಪು ಪಡೆದ ನಿಧಿ ಅದು. 2024ರ ಆಗಸ್ಟ್ 16ರಂದು ನೇಪಾಳದ ಥಾಮೆ ಎಂಬ ಶೆರ್ಪಾ ಹಳ್ಳಿಯ ಮೇಲೆ ಹಿಮಸರೋವರ ಒಡೆದು ಬಂದು ಶಾಲೆ, ಆರೋಗ್ಯ ಕೇಂದ್ರ, ಮನೆ, ಹೊಲಗಳನ್ನು ಕೊಚ್ಚಿತು. ಭೀಮಾ ದಂಡೆಯ ನಮ್ಮ ಹುಡುಗ ಇಲ್ಲಿ ಒಂದೇ ಮಾತು ಸೇರಿಸಿದ: ಪ್ರವಾಹ ಇಳಿದ ಮೇಲೆ ಪಂಚನಾಮೆಗೆ ಬಂದವರು ಬಿದ್ದ ಗೋಡೆಯನ್ನು ಬರೆದುಕೊಂಡರು, ಕೊಚ್ಚಿಹೋದ ಮೇಲ್ಮಣ್ಣನ್ನು ಬರೆದುಕೊಳ್ಳಲಿಲ್ಲ. ಕಲ್ಲು ತುಂಬಿದ ಹೊಲವನ್ನೂ ನಷ್ಟವೆಂದು ನಮೂದಿಸುವ ಪದ್ಧತಿ ಬೇಕೆಂಬುದು ನಮ್ಮ ಎರಡನೆಯ ಬೇಡಿಕೆಯಾಯಿತು.

ಸಮ್ಮೇಳನದಲ್ಲಿ ಬೀದರಿನ ತಂಡ ಭೂತಾನ್ ಆಗಿ ಬಂದಿತ್ತು. ನೆಲದ ಶೇ. 60 ಭಾಗ ಸದಾಕಾಲ ಕಾಡಾಗಿಯೇ ಇರಬೇಕೆಂದು ಸಂವಿಧಾನದಲ್ಲೇ ಬರೆದುಕೊಂಡ ದೇಶ ಅದು. 126 ಮೆಗಾವ್ಯಾಟಿನ ದಗಾಚು ಜಲವಿದ್ಯುತ್ ಯೋಜನೆಯ ಕರೆಂಟನ್ನು ಭಾರತಕ್ಕೆ ಕೊಟ್ಟು, ಗಡಿಯಾಚೆ ಉಳಿದ ಇಂಗಾಲಕ್ಕೆ ಕ್ರೆಡಿಟ್ ಪಡೆಯಲು ಕ್ಯೋಟೊ ವ್ಯವಸ್ಥೆಯಲ್ಲಿ ಮೊದಲ ಬಾರಿಗೆ ನೋಂದಾಯಿಸಿದ್ದೂ ಅದೇ. ಬೀದರಿನ ಮಕ್ಕಳು ಚೆನ್ನಾಗಿ ಓದಿಕೊಂಡು ಬಂದಿದ್ದರು. ಮೊದಲ ದಿನ ಮಧ್ಯಾಹ್ನವೇ ಎರಡೂ ತಂಡಗಳು ಸೇರಿ ಒಂದೇ ಕರಡು ಮಂಡಿಸಿದವು.

ಜಗಳವಾದದ್ದು ಮೂರನೆಯ ಬೇಡಿಕೆಗೆ. ಕಾಡನ್ನೂ ಒಲೆಯನ್ನೂ ಅಳೆಯುವ ವೆಚ್ಚವನ್ನು ಕೊಳ್ಳುವವರು ಬೇರೆಯಾಗಿ ಭರಿಸಬೇಕು, ಟನ್ನಿನ ಬೆಲೆಯಲ್ಲಿ ಅದನ್ನು ಮುರಿದುಕೊಳ್ಳಬಾರದು ಎಂಬುದು ನಮ್ಮ ವಾದ. ವರದಿ ಮಾಡುವ ಕೆಲಸಕ್ಕೆ ಅಭಿವೃದ್ಧಿಶೀಲ ದೇಶಗಳಿಗೆ ನೆರವು ಒದಗಿಸತಕ್ಕದ್ದು ಎಂದು ಪ್ಯಾರಿಸ್ ಒಪ್ಪಂದದ 13ನೇ ಕಲಮು ಹೇಳುತ್ತದೆ. ಟೇಪು ಹಿಡಿದ ದರ್ಜಿಯ ಮಗಳು ಅದನ್ನೇ ಓದಿ ಹೇಳಿದಳು. ಶ್ರೀಮಂತ ದೇಶಗಳಾಗಿ ಕುಳಿತವರು 'ಭರಿಸತಕ್ಕದ್ದು' ಬೇಡ, 'ಭರಿಸಬೇಕು' ಸಾಕು ಎಂದರು. ಕಾನೂನಿನ ಕನ್ನಡದಲ್ಲಿ 'ತಕ್ಕದ್ದು' ತಪ್ಪಿಸಿಕೊಳ್ಳಲಾಗದ ಕಟ್ಟು; 'ಬೇಕು' ಎಂಬುದನ್ನು ಅವರು ಬರೀ ಸದಾಶಯವೆಂದು ಓದಿಕೊಳ್ಳಬಹುದಿತ್ತು. 2015ರ ಡಿಸೆಂಬರ್ 12ರಂದು ಪ್ಯಾರಿಸ್‌ನಲ್ಲಿಯೂ ಇಂಥದೇ ಒಂದು ಪದ ಕೊನೆಯ ಗಳಿಗೆಯಲ್ಲಿ ಸಭೆಯನ್ನು ತಡೆದಿತ್ತು. ಶ್ರೀಮಂತ ದೇಶಗಳ ಹೊರಸೂಸುವಿಕೆಯ ಗುರಿಗೆ ಸಂಬಂಧಿಸಿದ 4ನೇ ಕಲಮಿನ 'ಶಲ್' (ತಕ್ಕದ್ದು) ಅನ್ನು ಅಮೆರಿಕ ಒಪ್ಪದೆ, ಅದನ್ನು 'ಶುಡ್' (ಬೇಕು) ಎಂದು ತಿದ್ದಿದ ಮೇಲೆಯೇ ಒಪ್ಪಂದ ಅಂಗೀಕಾರವಾಯಿತು. ಹಣಕಾಸಿನ 9ನೇ ಕಲಮಿನಲ್ಲಾದರೋ 'ಶಲ್' ಹಾಗೆಯೇ ಉಳಿದಿದೆ.

ನಮ್ಮವರು ಸಡಿಲಿಸಲಿಲ್ಲ, ಎದುರಿನವರೂ ಸಡಿಲಿಸಲಿಲ್ಲ. ರಾತ್ರಿ ಹತ್ತಕ್ಕೆ ಕಾವಲುಗಾರ ದೀಪ ಆರಿಸಲು ಬಂದ. ಮರುದಿನ ಅಂಗೀಕಾರವಾದ ಠರಾವಿನಲ್ಲಿ ಮೊದಲ ಎರಡು ಬೇಡಿಕೆಗಳು ಸೇರಿದವು. ಒಮ್ಮತವಾಗದ ಮಾತನ್ನು ಚೌಕ ಕಂಸದಲ್ಲಿ ಇಡುವುದು ಆ ಸಮ್ಮೇಳನಗಳ ಪದ್ಧತಿ. ಅಳತೆಯ ವೆಚ್ಚದ ನಮ್ಮ ಸಾಲು, 'ತಕ್ಕದ್ದು' ಮತ್ತು 'ಬೇಕು' ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು, ಕಂಸದೊಳಗೇ ಉಳಿಯಿತು.